ಹೊರಬಾಗಿಲಿನ ವಿಮರ್ಶೆ: ಗೋಡ್ಯಾಡಿ ಬಹಿಷ್ಕಾರ ಕಲಿಸಿದ ಡೊಮೇನ್ ವರ್ಗಾವಣೆ

ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು ಮಾರುವ ಕಂಪನಿಗಳ ವಿಮರ್ಶೆಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ಮೂರು ಸಂಗತಿ: ಮೊದಲ ವರ್ಷದ ಬೆಲೆ, ಕಂಟ್ರೋಲ್ ಪ್ಯಾನೆಲ್ ಎಷ್ಟು ಸಲೀಸು, ಕಸ್ಟಮರ್ ಕೇರ್‌ನವರು ಫೋನ್ ಎತ್ತುತ್ತಾರೋ ಇಲ್ಲವೋ. ಆದರೆ .ಕಾಮ್ ಹೆಸರನ್ನು ಯಾವ ಅಂಗಡಿಯಲ್ಲಿ ಕೊಂಡರೂ ಕೈಗೆ ಬರುವ ಸರಕು ಒಂದೇ. ವೆರಿಸೈನ್ ಸಂಸ್ಥೆ ಇಟ್ಟುಕೊಂಡಿರುವ ದೊಡ್ಡ ಖಾತೆಪುಸ್ತಕದಲ್ಲಿ ನಿಮ್ಮ ಹೆಸರಿನ ಒಂದು ಸಾಲು, ಅಷ್ಟೆ. ಹಾಗಾಗಿ ಅಂಗಡಿಯ ಗುಣ ನಿಜವಾಗಿ ತಿಳಿಯುವುದು ಒಳಗೆ ಬರುವಾಗಲ್ಲ, ಹೊರಡುತ್ತೇನೆ ಎಂದಾಗ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಹೊರಬಾಗಿಲನ್ನೇ, ಅಂದರೆ ಹೆಸರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಡೊಮೇನ್ ವರ್ಗಾವಣೆ ಎಂಬ ಸೇವೆಯನ್ನು. ಅದು ಜಗತ್ತಿನ ಕಣ್ಣೆದುರು ಪರೀಕ್ಷೆಗೆ ಒಳಗಾದದ್ದು 2011ರ ಡಿಸೆಂಬರ್ ಕೊನೆಯ ವಾರದಲ್ಲಿ, ಅಮೆರಿಕದ ಗೋಡ್ಯಾಡಿ ಕಂಪನಿಯ ವಿರುದ್ಧ ಗ್ರಾಹಕರು ಬಹಿಷ್ಕಾರ ಹೂಡಿದಾಗ.

ಕೋಪಕ್ಕೆ ಕಾರಣ ಸೋಪಾ ಎಂಬ ಮಸೂದೆ. ಪೂರ್ತಿ ಹೆಸರು ಸ್ಟಾಪ್ ಆನ್‌ಲೈನ್ ಪೈರಸಿ ಆ್ಯಕ್ಟ್. ಟೆಕ್ಸಾಸ್‌ನ ಲಾಮಾರ್ ಸ್ಮಿತ್ ಅದನ್ನು 2011ರ ಅಕ್ಟೋಬರ್ 26ರಂದು ಅಮೆರಿಕದ ಕೆಳಮನೆಯಲ್ಲಿ ಮಂಡಿಸಿದರು. ಸೆನೆಟ್‌ನಲ್ಲಿ ಪ್ಯಾಟ್ರಿಕ್ ಲೇಹಿ ಅವರ ಇದೇ ಬಗೆಯ ಪೀಪಾ ಮಸೂದೆ ಅದೇ ವರ್ಷದ ಮೇ ತಿಂಗಳಿಂದಲೇ ಇತ್ತು. ಕಳ್ಳ ಸಿನಿಮಾ, ಕಳ್ಳ ಹಾಡು, ನಕಲಿ ಮಾಲು ಮಾರುವ ವಿದೇಶಿ ತಾಣಗಳನ್ನು ತಡೆಯುವುದು ಘೋಷಿತ ಉದ್ದೇಶ. ಆರಿಸಿಕೊಂಡ ಆಯುಧಗಳೇ ತೊಂದರೆಯವು. ನ್ಯಾಯಾಲಯದ ಆದೇಶ ಬಂದರೆ ಇಂಟರ್‌ನೆಟ್ ಕಂಪನಿಗಳು ಆ ಹೆಸರಿಗೆ ವಿಳಾಸ ಹೇಳುವುದನ್ನೇ ನಿಲ್ಲಿಸಬೇಕಿತ್ತು. ಸರ್ಚ್ ಎಂಜಿನ್‌ಗಳು ಕೊಂಡಿ ತೆಗೆಯಬೇಕಿತ್ತು. ಹಣ ಪಾವತಿಯ ಕಂಪನಿಗಳೂ ಜಾಹೀರಾತು ಜಾಲಗಳೂ ವ್ಯವಹಾರ ಕಡಿಯಬೇಕಿತ್ತು. ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. ಅದರ ಉತ್ತರಗಳು ಅಸಲಿ ಎಂದು ಸಹಿ ಹಾಕಿ ಖಾತ್ರಿಪಡಿಸುವ ಡಿಎನ್‌ಎಸ್‌ಸೆಕ್ ವ್ಯವಸ್ಥೆಯನ್ನು ತಂತ್ರಜ್ಞರು ವರ್ಷಗಟ್ಟಲೆ ಕಟ್ಟಿ ಆಗಷ್ಟೇ ಹರಡುತ್ತಿದ್ದರು. ಉತ್ತರವನ್ನು ಮುಚ್ಚಿಡು, ತಿರುಚು ಎಂದು ಕಾನೂನೇ ಹೇಳಿದರೆ ಆ ಸಹಿಗೆ ಅರ್ಥವೆಲ್ಲಿ ಉಳಿಯಿತು? ಡಿಸೆಂಬರ್ 15ರಂದು ಇಂಟರ್‌ನೆಟ್‌ನ ಜನಕರಲ್ಲೊಬ್ಬರಾದ ವಿಂಟ್ ಸರ್ಫ್ ಸೇರಿದಂತೆ 83 ಮಂದಿ ಇಂಟರ್‌ನೆಟ್ ಎಂಜಿನಿಯರ್‌ಗಳು ಬಹಿರಂಗ ಪತ್ರ ಬರೆದು ವಿರೋಧಿಸಿದ್ದು ಇದಕ್ಕೇ.

ಮಸೂದೆಯನ್ನು ಬೆಂಬಲಿಸುವವರ ಪಟ್ಟಿಯನ್ನು ಕೆಳಮನೆಯ ನ್ಯಾಯಾಂಗ ಸಮಿತಿ ಹೊರಹಾಕಿದಾಗ ಅದರಲ್ಲಿ ಸ್ಟುಡಿಯೋಗಳು, ರೆಕಾರ್ಡ್ ಕಂಪನಿಗಳು, ಪ್ರಕಾಶಕರು ಇದ್ದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಗೋಡ್ಯಾಡಿಯೂ ಇತ್ತು. ಆಗ ಅದು 5 ಕೋಟಿಗೂ ಹೆಚ್ಚು ಹೆಸರುಗಳನ್ನು ನೋಡಿಕೊಳ್ಳುತ್ತಿದ್ದ, ಜಗತ್ತಿನ ಅತಿ ದೊಡ್ಡ ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರುವ ಅಂಗಡಿ. ವೆಬ್‌ಸೈಟ್ ಇಟ್ಟುಕೊಂಡವರಿಂದಲೇ ಬದುಕುವ ಕಂಪನಿ ವೆಬ್‌ಸೈಟ್ ಮುಚ್ಚಿಸುವ ಕಾನೂನಿಗೆ ಕೈ ಎತ್ತಿತ್ತು.

ಡಿಸೆಂಬರ್ 22ರಂದು ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿ ಒಬ್ಬ ಗ್ರಾಹಕ ತನ್ನ 51 ಡೊಮೇನ್‌ಗಳನ್ನು ಬೇರೆಡೆಗೆ ಒಯ್ಯುತ್ತೇನೆ, ಡಿಸೆಂಬರ್ 29ರಂದು ಎಲ್ಲರೂ ಒಟ್ಟಿಗೆ ಹೊರಡೋಣ ಎಂದು ಬರೆದ. ತಮಾಷೆ ಚಿತ್ರಗಳ ಚೀಸ್‌ಬರ್ಗರ್ ತಾಣಗಳ ಮುಖ್ಯಸ್ಥ ಬೆನ್ ಹೂ ತಮ್ಮ ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ತೆಗೆಯುವುದಾಗಿ ಎಚ್ಚರಿಸಿದರು. ಅಂದು ಗೋಡ್ಯಾಡಿಯ ಉತ್ತರ: ಕೆಲವು ಮೇಲ್ ಬಂದಿವೆ, ವ್ಯವಹಾರದ ಮೇಲೆ ಪರಿಣಾಮವೇನೂ ಕಂಡಿಲ್ಲ. ಮರುದಿನವೇ, 23ರಂದು, ಮುಖ್ಯಸ್ಥ ವಾರನ್ ಆಡೆಲ್ಮನ್ ಹೆಸರಿನಲ್ಲಿ ಹೊಸ ಹೇಳಿಕೆ ಬಂತು. ಬೆಂಬಲ ಹಿಂತೆಗೆದುಕೊಂಡಿದ್ದೇವೆ, ಇಂಟರ್‌ನೆಟ್ ಸಮುದಾಯ ಬೆಂಬಲಿಸಿದಾಗ ನಾವೂ ಬೆಂಬಲಿಸುತ್ತೇವೆ ಎಂಬುದು ಅದರ ಸಾರ. ಅದೇ ದಿನ ವಿಕಿಪೀಡಿಯದ ಸ್ಥಾಪಕ ಜಿಮ್ಮಿ ವೇಲ್ಸ್ ತಮ್ಮ ತಾಣದ ಹೆಸರುಗಳೂ ಅಲ್ಲಿಂದ ಹೊರಬೀಳಲಿವೆ ಎಂದರು. 29ರಂದು, ಹೊರಡುವ ದಿನವೆಂದು ಗೊತ್ತುಮಾಡಿದ್ದ ದಿನವೇ, ಕಂಪನಿ ಮಸೂದೆಯನ್ನು ವಿರೋಧಿಸುತ್ತೇವೆ ಎಂದು ಸ್ಪಷ್ಟವಾಗಿ ಹೇಳಿತು.

ಈ ಎರಡು ಹೇಳಿಕೆಗಳ ನಡುವಿನ ಆರು ದಿನವನ್ನು ಬಹಿಷ್ಕಾರ ಹೂಡುವವರು ಗಮನಿಸಬೇಕು. ಬೆಂಬಲ ಹಿಂತೆಗೆಯುವುದು ಬೇರೆ, ವಿರೋಧಿಸುವುದು ಬೇರೆ. ಮೊದಲನೆಯದು ಗ್ರಾಹಕರನ್ನು ಸಮಾಧಾನಪಡಿಸುವ ಮಾತು. ಎರಡನೆಯದು ಶಾಸಕರ ಮುಂದೆ ಲೆಕ್ಕಕ್ಕೆ ಬರುವ ಮಾತು. 23ರ ಹೇಳಿಕೆ ನೋಡಿ ಗೆದ್ದೆವು ಎಂದು ಜನ ಮನೆಗೆ ಹೋಗಿದ್ದರೆ ಎರಡನೆಯದು ಬರುತ್ತಿತ್ತು ಎನ್ನಲು ಆಧಾರವಿಲ್ಲ.

ಎಷ್ಟು ಜನ ಹೋದರು? ಹೆಚ್ಚು ಸುದ್ದಿಯಾದ ಅಂಕಿ ಡಿಸೆಂಬರ್ 23ರದು: ಒಂದೇ ದಿನ 21,054 ಹೆಸರು ಹೊರಕ್ಕೆ. ಕೇಳಲು ದೊಡ್ಡದು, ಆದರೆ 5 ಕೋಟಿಯಲ್ಲಿ ಇದು 10,000ಕ್ಕೆ ಸುಮಾರು 4. ಮೇಲಾಗಿ ಇಂಥ ದಿನವಹಿ ಲೆಕ್ಕಗಳು ನೇಮ್‌ಸರ್ವರ್, ಅಂದರೆ ಹೆಸರಿಗೆ ವಿಳಾಸ ಹೇಳುವ ಸರ್ವರ್ ಬದಲಾದದ್ದನ್ನು ಎಣಿಸುತ್ತವೆ. ನೇಮ್‌ಸರ್ವರನ್ನು ಒಂದು ಗಂಟೆಯಲ್ಲಿ ಬದಲಿಸಬಹುದು, ರಿಜಿಸ್ಟ್ರಾರ್ ವರ್ಗಾವಣೆಗೆ ದಿನಗಳೇ ಬೇಕು. ಅತ್ತ ಹೊಸ ನೋಂದಣಿಗಳೂ ಮಾಮೂಲಿನಂತೆ ಒಳಬರುತ್ತಿದ್ದವು. ಹಾಗಾದರೆ ಕಂಪನಿ ಹೆದರಿದ್ದು ಏಕೆ? ಹೋದವರು ಯಾರು ಎಂಬುದರಲ್ಲಿ ಉತ್ತರವಿದೆ. ತನ್ನ ಹೆಸರಿಗೊಂದು ಡೊಮೇನ್ ಕೊಂಡು ಮರೆತವರಲ್ಲ. ಹತ್ತಾರು, ನೂರಾರು ಹೆಸರು ನೋಡಿಕೊಳ್ಳುವವರು, ಬೇರೆಯವರಿಗೆ ಎಲ್ಲಿ ಕೊಳ್ಳಬೇಕೆಂದು ಹೇಳುವವರು. ಕಚೇರಿಯ ಸಿಸ್ಟಮ್ ಅಡ್ಮಿನ್, ಊರಿನ ವೆಬ್ ಡಿಸೈನರ್, ಏಜೆನ್ಸಿ ನಡೆಸುವವರು. ಅವರಲ್ಲಿ ಒಬ್ಬರು ಮನಸ್ಸು ಬದಲಿಸಿದರೆ ಮುಂದಿನ ಹತ್ತು ವರ್ಷ ಅವರ ಹಿಂದೆ ಬರುವವರೂ ಬರುವುದಿಲ್ಲ.

ಹಣದ ಲೆಕ್ಕವನ್ನೂ ಬಿಡಿಸಿ ನೋಡೋಣ. 2011ರ ಕೊನೆಗೆ ಒಂದು .ಕಾಮ್ ಹೆಸರಿಗೆ ವರ್ಷಕ್ಕೆ 7.34 ಡಾಲರ್ ವೆರಿಸೈನ್‌ಗೆ ಹೋಗುತ್ತಿತ್ತು, ಜೊತೆಗೆ ಡೊಮೇನ್‌ಗಳ ನಿಯಮ ಮಾಡುವ ಐಕ್ಯಾನ್ ಸಂಸ್ಥೆಗೆ 18 ಸೆಂಟ್. 2024ರ ಸೆಪ್ಟೆಂಬರ್‌ನಲ್ಲಿ ವೆರಿಸೈನ್ ಪಾಲು 10.26 ಡಾಲರ್‌ಗೆ ಏರಿತು. ನೀವು ಯಾವ ಅಂಗಡಿಗೆ ಹೋದರೂ ಈ ಭಾಗ ಬದಲಾಗದು. ಹಳೆಯ ಅಂಗಡಿಗೆ ಕೊಟ್ಟ ಹಣವೂ ವಾಪಸ್ ಬರುವುದಿಲ್ಲ. ಕೊಂಡಿರುವ ವರ್ಷಗಳು ಹೆಸರಿನ ಜೊತೆಗೇ ಹೊಸ ಅಂಗಡಿಗೆ ಬರುತ್ತವೆ. ಹಾಗಾಗಿ ಬಿಟ್ಟುಹೋದ ದಿನ ಹಳೆಯ ಕಂಪನಿಗೆ ನಷ್ಟ ಸೊನ್ನೆ. ನಷ್ಟವಾಗುವುದು ಮುಂದಿನ ರಿನ್ಯೂವಲ್‌ನಲ್ಲಿ, ಅದಕ್ಕಿಂತ ಹೆಚ್ಚಾಗಿ ಡೊಮೇನ್ ಜೊತೆಗೆ ಮಾರುವ ಹೋಸ್ಟಿಂಗ್, ಇಮೇಲ್, ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗಳಲ್ಲಿ. ಹೆಸರನ್ನು ಒಯ್ದು ಹೋಸ್ಟಿಂಗನ್ನು ಅಲ್ಲೇ ಬಿಟ್ಟವರು ಲಾಭವಿರುವ ಭಾಗವನ್ನು ಆ ಕಂಪನಿಗೇ ಬಿಟ್ಟುಕೊಟ್ಟಂತೆ.

ಈಗ ಸೇವೆಯ ವಿಷಯ. ವರ್ಗಾವಣೆ ಎಂಬುದು ಕಂಪನಿ ದಯೆಯಿಂದ ಕೊಡುವ ಸೌಕರ್ಯವಲ್ಲ. ಐಕ್ಯಾನ್ ನಿಯಮದ ಪ್ರಕಾರ .ಕಾಮ್, .ನೆಟ್, .ಆರ್ಗ್‌ನಂಥ ಹೆಸರುಗಳ ಒಡೆಯ ಕೇಳಿದ ಐದು ದಿನದೊಳಗೆ ರಿಜಿಸ್ಟ್ರಾರ್ ವರ್ಗಾವಣೆ ತಡೆಯುವ ಬೀಗ ತೆಗೆದು, ಹೊಸ ಕಂಪನಿಗೆ ತೋರಿಸಬೇಕಾದ ಗುಪ್ತ ಸಂಕೇತವಾದ ಆಥ್ ಕೋಡ್ ಕೊಡಲೇಬೇಕು. ಹೊಸ ಕಂಪನಿ ಕೋರಿಕೆ ಸಲ್ಲಿಸಿದ ಮೇಲೆ ಹಳೆಯ ಕಂಪನಿಗೆ ಐದು ದಿನ ಸಮಯ. ನಿಯಮದಲ್ಲಿ ಹೇಳಿದ ಕಾರಣವಿದ್ದರೆ ತಡೆಯಬಹುದು, ಸುಮ್ಮನೆ ಕೂತರೆ ವರ್ಗಾವಣೆ ತಾನಾಗಿ ಮುಗಿಯುತ್ತದೆ. ಈ "ಸುಮ್ಮನಿದ್ದರೆ ಒಪ್ಪಿಗೆ" ಎಂಬ ಸಾಲು ಇರದಿದ್ದರೆ 2011ರ ಬಹಿಷ್ಕಾರ ಬರೀ ಸಹಿ ಸಂಗ್ರಹವಾಗಿ ಉಳಿಯುತ್ತಿತ್ತು.

ಆದರೂ ಆಗ ಬಾಗಿಲು ಒಂದು ಕಡೆ ಸಿಕ್ಕಿಹಾಕಿಕೊಂಡಿತು. ಆ ದಿನಗಳ ಪದ್ಧತಿಯಲ್ಲಿ ಹೊಸ ರಿಜಿಸ್ಟ್ರಾರ್, ಯಾವ ಹೆಸರು ಯಾರದು ಎಂದು ತಿಳಿಸುವ ಹೂಈಸ್ ದಾಖಲೆಯನ್ನು ಓದಿ, ಅದರಲ್ಲಿರುವ ಅಡ್ಮಿನ್ ಇಮೇಲ್‌ಗೆ ಒಪ್ಪಿಗೆ ಪತ್ರ ಕಳುಹಿಸಬೇಕಿತ್ತು. ಓದುತ್ತಿದ್ದದ್ದು ಪೋರ್ಟ್ 43 ಎಂಬ ದಾರಿಯಲ್ಲಿ, ಯಂತ್ರದಿಂದ ಯಂತ್ರಕ್ಕೆ. ಡಿಸೆಂಬರ್ 26ರಂದು ಪ್ರತಿಸ್ಪರ್ಧಿ ನೇಮ್‌ಚೀಪ್ ಕಂಪನಿ, ಗೋಡ್ಯಾಡಿ ಅಪೂರ್ಣ ಹೂಈಸ್ ಮಾಹಿತಿ ಕೊಡುತ್ತಿದೆ, ವರ್ಗಾವಣೆಗಳು ನಿಂತಿವೆ ಎಂದು ಆರೋಪಿಸಿತು. ಒಂದೇ ಕಡೆಯಿಂದ ತುಂಬಾ ಪ್ರಶ್ನೆ ಬಂದರೆ ಮಿತಿ ಹಾಕುವುದು ಉದ್ಯಮದ ಮಾಮೂಲಿ ಕ್ರಮ ಎಂಬುದು ಗೋಡ್ಯಾಡಿಯ ಉತ್ತರ. ಆಮೇಲೆ ಆ ಮಿತಿ ತೆಗೆಯಿತು. ಕದ್ದು ವಿಳಾಸ ಸಂಗ್ರಹಿಸುವವರನ್ನು ತಡೆಯಲು ಇಂಥ ಮಿತಿ ನಿಜಕ್ಕೂ ಬೇಕು. ಆದರೆ ಸಾವಿರಾರು ಜನ ಒಮ್ಮೆಗೇ ಒಂದೇ ಅಂಗಡಿಗೆ ಹೊರಟರೆ, ಆ ಅಂಗಡಿಯ ಪ್ರಶ್ನೆಗಳೂ ಕಳ್ಳರ ಪ್ರಶ್ನೆಗಳಂತೆಯೇ ಕಾಣುತ್ತವೆ. ಒಂದೇ ದಿನ ಎಲ್ಲರೂ ಹೊರಡುವ ಕರೆ ಸುದ್ದಿಗೆ ಒಳ್ಳೆಯದು, ತಾಂತ್ರಿಕವಾಗಿ ಕೆಟ್ಟದ್ದು. ಈಗ ಆ ಹೂಈಸ್ ಪತ್ರದ ಹಂತವೇ ಇಲ್ಲ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಅದು ಬಿದ್ದುಹೋಯಿತು. ಕೋಡ್ ಸರಿಯಿದ್ದರೆ ಸಾಕು. ಹೂಈಸ್ ಜಾಗಕ್ಕೂ ಅದೇ ಮಾಹಿತಿ ಕೊಡುವ ಆರ್‌ಡ್ಯಾಪ್ ಬಂದಿದೆ.

ಇವತ್ತು ಹೊರಡುವವರು ಎಡವುವುದು ಬೇರೆ ಕಡೆಗಳಲ್ಲಿ. ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಗುಂಡಿ ಅರವತ್ತು ದಿನದ ಬೀಗ. ಹೊಸದಾಗಿ ಕೊಂಡ, ಅಥವಾ ಈಗಷ್ಟೇ ಒಂದು ಕಡೆಯಿಂದ ತಂದ ಹೆಸರನ್ನು 60 ದಿನ ಕದಲಿಸಲಾಗದು ಎಂಬುದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು 2016ರ ಡಿಸೆಂಬರ್‌ನಲ್ಲಿ ಜಾರಿಯಾದ ಇನ್ನೊಂದು: ಒಡೆಯರ ಹೆಸರು, ಸಂಸ್ಥೆಯ ಹೆಸರು ಅಥವಾ ಇಮೇಲ್ ಬದಲಿಸಿದರೂ 60 ದಿನ ಬೀಗ ಬೀಳಬಹುದು. ಶಿಸ್ತಿನ ಮನುಷ್ಯ ಹೊರಡುವ ಮುನ್ನ ದಾಖಲೆ ಸರಿಪಡಿಸೋಣ ಎಂದು ಹಳೆಯ ಮೇಲ್ ಐಡಿ ಬದಲಿಸುತ್ತಾನೆ, ಅಲ್ಲಿಗೆ ಎರಡು ತಿಂಗಳು ಹೋಯಿತು. ಕೆಲವು ಕಂಪನಿಗಳು ಬದಲಿಸುವ ಪುಟದಲ್ಲೇ ಈ ಬೀಗ ಬೇಡ ಎನ್ನುವ ಆಯ್ಕೆ ಕೊಡುತ್ತವೆ. ಸೇವ್ ಒತ್ತುವ ಮುಂಚೆಯೇ ಅದನ್ನು ಹುಡುಕಬೇಕು, ಆಮೇಲೆ ಅದು ಇರುವುದಿಲ್ಲ. ಆಯ್ಕೆ ಇಲ್ಲದಿದ್ದರೆ, ಹಳೆಯ ಮೇಲ್ ಇನ್ನೂ ತೆರೆಯುವಂತಿದ್ದರೆ, ಅದನ್ನೇ ಇಟ್ಟುಕೊಂಡು ವರ್ಗಾವಣೆ ಮುಗಿಸಿ, ತಿದ್ದುಪಡಿಯನ್ನು ಹೊಸ ಅಂಗಡಿಯಲ್ಲಿ ಮಾಡಿ.

ಎರಡನೆಯ ಗುಂಡಿ ಡಿಎನ್‌ಎಸ್. ಡೊಮೇನ್ ವರ್ಗಾವಣೆ ಎಂದರೆ ವೆಬ್‌ಸೈಟ್ ವರ್ಗಾವಣೆಯಲ್ಲ. ಹೆಸರಿನ ನೋಂದಣಿ ನೋಡಿಕೊಳ್ಳುವ ಅಂಗಡಿ ಮಾತ್ರ ಬದಲಾಗುತ್ತದೆ, ವಿಳಾಸ ಹೇಳುವ ನೇಮ್‌ಸರ್ವರ್ ಹಳೆಯ ಕಂಪನಿಯದೇ ಆಗಿ ಉಳಿಯುತ್ತದೆ. ಗ್ರಾಹಕ ಹೋದ ಮೇಲೆ ಆ ಕಂಪನಿ ತನ್ನ ನೇಮ್‌ಸರ್ವರ್‌ನಲ್ಲಿ ದಾಖಲೆಗಳನ್ನು ಉಳಿಸಿಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಅವು ಹೋದ ದಿನ ಸೈಟೂ ಮೇಲೂ ಒಟ್ಟಿಗೆ ಸಾಯುತ್ತವೆ, ಬಹಿಷ್ಕಾರ ಹೂಡಿದವರು ತಮ್ಮ ಗ್ರಾಹಕರಿಗೇ ಕ್ಷಮೆ ಕೇಳಬೇಕಾಗುತ್ತದೆ. ಇದನ್ನು ತಪ್ಪಿಸಲು ಹೆಸರಿಗಿಂತ ಮುಂಚೆ ಡಿಎನ್‌ಎಸ್ ಒಯ್ಯಬೇಕು. ಹಳೆಯ ಪ್ಯಾನೆಲ್‌ನಲ್ಲಿ ಝೋನ್ ಫೈಲ್, ಅಂದರೆ ಡಿಎನ್‌ಎಸ್ ದಾಖಲೆಗಳ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯವಿದ್ದರೆ ಅದನ್ನು ಇಳಿಸಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಸಾಲನ್ನೂ ಬರೆದುಕೊಳ್ಳಿ. ಸೈಟ್ ಎಲ್ಲಿದೆ ಎಂದು ಹೇಳುವ ಎ, ಸಿನೇಮ್ ದಾಖಲೆಗಳನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಟಿಎಕ್ಸ್‌ಟಿ ಸಾಲುಗಳನ್ನು. ನೀವು ಕಳುಹಿಸುವ ಮೇಲ್ ಅಸಲಿ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಲ್ಲಿರುತ್ತವೆ. ಅವಿಲ್ಲದೆ, ಒಳಬರುವ ಮೇಲ್‌ಗೆ ದಾರಿ ತೋರುವ ಎಂಎಕ್ಸ್ ಮಾತ್ರ ಒಯ್ದರೆ ಮೇಲ್ ಬರುತ್ತದೆ, ಆದರೆ ನೀವು ಕಳುಹಿಸಿದ್ದು ಎದುರಿನವರ ಸ್ಪ್ಯಾಮ್‌ಗೆ ಬೀಳುತ್ತದೆ. ಯಾರೂ ದೂರು ಹೇಳದ ಕಾರಣ ವಾರವಾದರೂ ಗೊತ್ತಾಗುವುದಿಲ್ಲ. ಡಿಕಿಮ್ ಕೀ ಉದ್ದವಾಗಿದ್ದು, ನಕಲು ಮಾಡುವಾಗ ನಡುವೆ ಉದ್ಧರಣ ಚಿಹ್ನೆ ಸೇರಿದರೆ ಕೆಲಸ ಮಾಡದು.

ಮೇಲ್ ಫಾರ್ವರ್ಡ್, ಸೈಟ್ ಫಾರ್ವರ್ಡ್ ಎಂಬ ಉಚಿತ ಸೌಕರ್ಯಗಳು ಝೋನ್ ಫೈಲ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಅವು ಆ ಕಂಪನಿಯ ಸರ್ವರ್‌ನಲ್ಲಿ ನಡೆಯುವ ಕೆಲಸ. ಹೊಸ ಕಡೆ ಮತ್ತೆ ಹೊಸದಾಗಿ ಕಟ್ಟಬೇಕು.

ಉತ್ತರವನ್ನು ಜಾಲಗಳು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂದು ಹೇಳುವ ಟಿಟಿಎಲ್ ಅನ್ನು 3600 ಸೆಕೆಂಡ್‌ನಿಂದ 300ಕ್ಕೆ ಒಂದು ದಿನ ಮೊದಲೇ ಇಳಿಸಿ. ಹೊಸ ನೇಮ್‌ಸರ್ವರ್‌ನಲ್ಲಿ ಎಲ್ಲ ದಾಖಲೆ ಕೂಡಿಸಿ, ಡಿಗ್ ಅಥವಾ ಎನ್‌ಎಸ್‌ಲುಕಪ್ ಆಜ್ಞೆಯಿಂದ ನೇರವಾಗಿ ಆ ಸರ್ವರನ್ನೇ ಕೇಳಿ ಉತ್ತರ ಹೋಲಿಸಿ ನೋಡಿ, ಆಮೇಲೆ ನೇಮ್‌ಸರ್ವರ್ ಬದಲಿಸಿ. ಎರಡು ದಿನ ಹಳೆಯ ಝೋನನ್ನು ಮುಟ್ಟಬೇಡಿ. ಕೆಲವು ಜಾಲಗಳು ಹಳೆಯ ಉತ್ತರವನ್ನೇ ಇಟ್ಟುಕೊಂಡಿರುತ್ತವೆ. ಡಿಎನ್‌ಎಸ್‌ಸೆಕ್ ಚಾಲೂ ಇದ್ದರೆ ಇದೆಲ್ಲಕ್ಕಿಂತ ಮುಂಚೆ ರಿಜಿಸ್ಟ್ರಿಯಲ್ಲಿರುವ (ವೆರಿಸೈನ್‌ನಂತೆ ಖಾತೆಪುಸ್ತಕ ಇಟ್ಟುಕೊಳ್ಳುವ ಸಂಸ್ಥೆಯಲ್ಲಿರುವ) ಡಿಎಸ್ ದಾಖಲೆ, ಅಂದರೆ ಸಹಿಯ ಗುರುತು ತೆಗೆಸಿ, ಒಂದೆರಡು ದಿನ ಕಾಯಬೇಕು. ಹಳೆಯ ಸಹಿಯ ಗುರುತು ಮೇಲೆ ಉಳಿದು ಕೆಳಗೆ ಹೊಸ ಸರ್ವರ್ ಬಂದರೆ, ಸಹಿ ಪರಿಶೀಲಿಸುವ ಜಾಲಗಳಲ್ಲಿ ನಿಮ್ಮ ಹೆಸರು ಪೂರ್ತಿ ಮಾಯ, ಪರಿಶೀಲಿಸದ ಜಾಲಗಳಲ್ಲಿ ಸರಿಯಾಗಿ ಕಾಣುತ್ತದೆ. "ನನಗೆ ಬರ್ತಿದೆಯಲ್ಲ" ಎಂಬ ವಾದ ಹುಟ್ಟುವುದು ಇಲ್ಲಿಂದ. ಸೋಪಾ ವಿರೋಧಿಸಿದ ಎಂಜಿನಿಯರ್‌ಗಳು ಭಯಪಟ್ಟ ಗೊಂದಲದ ಪುಟ್ಟ ಮಾದರಿಯಿದು.

ಮೂರನೆಯದು ತಾರೀಖು. ಅವಧಿ ಮುಗಿಯಲು 30ರಿಂದ 45 ದಿನ ಇರುವಾಗ ಹೊರಡುವುದು ಕ್ಷೇಮ. ವರ್ಗಾವಣೆಗೆ ಕೊಡುವ ಹಣದಲ್ಲಿ ಒಂದು ವರ್ಷದ ವಿಸ್ತರಣೆ ಸೇರಿರುತ್ತದೆ, ಹಳೆಯ ಅವಧಿಗೆ ಕೂಡುತ್ತದೆ. ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಅವಧಿ ಮುಗಿದ ಮೇಲೆ ಹಳೆಯ ಕಡೆ ರಿನ್ಯೂ ಮಾಡಿಸಿ, 45 ದಿನದೊಳಗೆ ವರ್ಗಾಯಿಸಿದರೆ ಆ ರಿನ್ಯೂವಲ್‌ನ ವರ್ಷ ಕಳೆದುಹೋಗುತ್ತದೆ. ರಿಜಿಸ್ಟ್ರಿ ಆ ಹಣವನ್ನು ಹಳೆಯ ರಿಜಿಸ್ಟ್ರಾರ್‌ಗೆ ಹಿಂತಿರುಗಿಸುತ್ತದೆ, ನಿಮಗೆ ಸಿಗುವುದು ವರ್ಗಾವಣೆಯ ಒಂದು ವರ್ಷ ಮಾತ್ರ. ಎರಡು ಸಲ ಹಣ ಕೊಟ್ಟು ಒಂದು ವರ್ಷ ಪಡೆದು, ಹೊಸ ಅಂಗಡಿ ಮೋಸ ಮಾಡಿತೆಂದು ಬೈಯುವವರಿದ್ದಾರೆ. ಅದು ತಪ್ಪು ವಿಳಾಸಕ್ಕೆ ಹೋದ ಬೈಗುಳ. ಹಳೆಯ ಕಡೆಯಿಂದ ಹಣ ಕೇಳಿ ನೋಡಬೇಕು.

ಕೋಡ್ ಬಗ್ಗೆ ಸಣ್ಣ ಮಾತು. ಸೊನ್ನೆಗೂ ಇಂಗ್ಲಿಷ್ ಓ ಅಕ್ಷರಕ್ಕೂ ವ್ಯತ್ಯಾಸ ಕಾಣದು, ಕೈಯಲ್ಲಿ ಟೈಪ್ ಮಾಡಬೇಡಿ. ಮೇಲ್‌ನಿಂದ ನಕಲು ಮಾಡಿದರೆ ಕೊನೆಗೊಂದು ಖಾಲಿ ಜಾಗ ಅಂಟಿಕೊಳ್ಳುತ್ತದೆ, ಅಳಿಸಿ. ಕೋಡ್ ಸರಿಯಿದ್ದೂ ತಿರಸ್ಕೃತವಾದರೆ ಆರ್‌ಡ್ಯಾಪ್‌ನಲ್ಲಿ ಹೆಸರಿನ ಸ್ಥಿತಿ ನೋಡಿ: ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್ ಎಂದಿದ್ದರೆ ಬೀಗ ರಿಜಿಸ್ಟ್ರಾರ್ ಹಾಕಿದ್ದು, ಸಾಮಾನ್ಯವಾಗಿ ನಿಮ್ಮ ಖಾತೆಯಿಂದಲೇ ತೆಗೆಯಬಹುದು, ಸರ್ವರ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್ ಎಂದಿದ್ದರೆ ರಿಜಿಸ್ಟ್ರಿಯ ಕೈಲಿದೆ. ಹೆಚ್ಚುವರಿ ರಕ್ಷಣೆಯ ಪ್ಲಾನ್ ಕೊಂಡಿದ್ದರೆ ಅದನ್ನು ಮೊದಲು ತೆಗೆಯದೆ ಬೀಗ ತೆರೆಯುವುದಿಲ್ಲ. ಐದು ದಿನ ಕಾಯಲು ಮನಸ್ಸಿಲ್ಲದವರು ಹಳೆಯ ಖಾತೆಯಲ್ಲಿ ಹೊರಹೋಗುವ ವರ್ಗಾವಣೆಗಳ ಪಟ್ಟಿಗೆ ಹೋಗಿ ತಾವೇ ಒಪ್ಪಿಗೆ ಕೊಟ್ಟರೆ ಬೇಗ ಮುಗಿಯುತ್ತದೆ. ಗೋಡ್ಯಾಡಿ ಈ ಅನುಕೂಲ ಕೊಡುತ್ತದೆ, ಅದು ಮೆಚ್ಚಬೇಕಾದದ್ದೇ.

ನಮ್ಮ ಊರುಗಳಲ್ಲಿ ಇದೆಲ್ಲಕ್ಕೂ ಮುಂಚಿನ ಪ್ರಶ್ನೆಯೊಂದಿದೆ: ಹೆಸರು ಯಾರ ಖಾತೆಯಲ್ಲಿದೆ? ಎಷ್ಟೋ ಅಂಗಡಿ, ಶಾಲೆ, ಟ್ರಸ್ಟ್‌ಗಳ ಡೊಮೇನನ್ನು ಸೈಟ್ ಮಾಡಿಕೊಟ್ಟವರು ತಮ್ಮ ಖಾತೆಯಲ್ಲೇ ಕೊಂಡಿರುತ್ತಾರೆ. ಐಕ್ಯಾನ್ ನಿಯಮ ಕಾಪಾಡುವುದು ದಾಖಲೆಯಲ್ಲಿರುವ ಒಡೆಯರನ್ನು, ಬಿಲ್ ಕೊಟ್ಟವರನ್ನಲ್ಲ. ಒಡೆಯರ ಸ್ಥಾನದಲ್ಲಿ ನಿಮ್ಮ ಸಂಸ್ಥೆಯ ಹೆಸರಿಲ್ಲದಿದ್ದರೆ ನಿಮಗೆ ಬಹಿಷ್ಕರಿಸುವ ಹಕ್ಕೇ ಇಲ್ಲ ಎಂದಾಯಿತು. ಮೊದಲು ಅದನ್ನು ಸರಿಪಡಿಸಿಕೊಳ್ಳಿ, 60 ದಿನ ಹೋದರೂ ಪರವಾಗಿಲ್ಲ. ಸಂಪರ್ಕದ ಇಮೇಲ್ ಅದೇ ಡೊಮೇನಿನದು ಇರಬಾರದು. ಡಿಎನ್‌ಎಸ್ ಕೆಟ್ಟರೆ ಒಪ್ಪಿಗೆಯ ಮೇಲೇ ಬರುವುದಿಲ್ಲ.

.ಇನ್ ಹೆಸರಿಗೂ ಕೋಡ್ ಪಡೆದು ಒಯ್ಯುವ ದಾರಿ ಇದೆ. ಅದರ ರಿಜಿಸ್ಟ್ರಿ ನೋಡಿಕೊಳ್ಳುವುದು ಭಾರತದ ನಿಕ್ಸಿ ಸಂಸ್ಥೆ. ಇದರಲ್ಲಿ ಒಡೆಯರ ವಿವರ ಮರೆಮಾಡುವ ಪ್ರೈವಸಿ ಸೇವೆಗೆ ಅನುಮತಿಯಿಲ್ಲ, ಹಾಗಾಗಿ ಅದನ್ನು ಆಫ್ ಮಾಡುವ ಹಂತವೂ ಇಲ್ಲ. ಕನ್ನಡ ಲಿಪಿಯಲ್ಲೇ ಬರೆಯುವ .ಭಾರತ ಹೆಸರು ಇಟ್ಟುಕೊಂಡವರು ಹೊಸ ಕಂಪನಿ ಆ ತುದಿಯನ್ನು ಮಾರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಹಲವು ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಅದು ಇರುವುದಿಲ್ಲ. ವರ್ಗಾವಣೆಯ ಪುಟ ಕನ್ನಡ ಅಕ್ಷರ ತೆಗೆದುಕೊಳ್ಳದಿದ್ದರೆ ಎಕ್ಸ್ ಎನ್ ಅಕ್ಷರ ಮತ್ತು ಎರಡು ಅಡ್ಡಗೆರೆಗಳಿಂದ ಮೊದಲಾಗುವ ಪ್ಯುನಿಕೋಡ್ ರೂಪ, ಅಂದರೆ ಅದೇ ಹೆಸರಿನ ಇಂಗ್ಲಿಷ್ ಅಕ್ಷರಗಳ ರೂಪ ಕೊಡಬೇಕು.

ಬಹಿಷ್ಕಾರದ ಮಿತಿ ಕಾಣುವುದೂ .ಇನ್ ವಿಷಯದಲ್ಲೇ. 2020ರಲ್ಲಿ ಗೋಡ್ಯಾಡಿ, ನ್ಯೂಸ್ಟಾರ್ ಕಂಪನಿಯ ರಿಜಿಸ್ಟ್ರಿ ವಿಭಾಗವನ್ನು ಕೊಂಡಿತು. ನಿಕ್ಸಿಗೆ .ಇನ್‌ನ ತಾಂತ್ರಿಕ ಕೆಲಸ ಮಾಡಿಕೊಡುತ್ತಿದ್ದದ್ದು ಆ ವಿಭಾಗವೇ. ಅಲ್ಲಿಂದ ಕೆಲವು ವರ್ಷ ನೀವು ಯಾವ ರಿಜಿಸ್ಟ್ರಾರ್ ಹತ್ತಿರ .ಇನ್ ಕೊಂಡರೂ ಹಿಂದಿನ ಯಂತ್ರ ಗೋಡ್ಯಾಡಿಯದೇ ಆಗಿತ್ತು. ಆಮೇಲೆ ಆ ಕೆಲಸ ಟೂಕೋಸ್ ಎಂಬ ಇನ್ನೊಂದು ಕಂಪನಿಗೆ ಹೋಯಿತು. ಗ್ರಾಹಕ ಬಿಡಬಲ್ಲದ್ದು ರಿಜಿಸ್ಟ್ರಾರನ್ನು. ರಿಜಿಸ್ಟ್ರಿಯನ್ನು ಬಿಡಬೇಕಾದರೆ ಹೆಸರನ್ನೇ ಬಿಡಬೇಕು.

ಹೋದವರನ್ನು ಬರಮಾಡಿಕೊಂಡ ನೇಮ್‌ಚೀಪ್ ಬಗ್ಗೆಯೂ ಹೇಳಬೇಕು. 2011ರಲ್ಲಿ ಅದು ಸೋಪಾ ಹೆಸರಿನ ಕೂಪನ್ ಬಿಟ್ಟು, ಡಿಸೆಂಬರ್ 29ರ ವರ್ಗಾವಣೆಗಳ ಲೆಕ್ಕದಲ್ಲಿ ಇಂಟರ್‌ನೆಟ್ ಹಕ್ಕುಗಳಿಗೆ ಹೋರಾಡುವ ಇಎಫ್‌ಎಫ್ ಸಂಸ್ಥೆಗೆ ದೇಣಿಗೆ ಕೊಡುವುದಾಗಿ ಹೇಳಿತು. ಮೊದಲು ಹೆಸರಿಗೆ ಒಂದು ಡಾಲರ್ ಎಂದದ್ದು ಎರಡಾಯಿತು. ಕೊನೆಗೆ ಕೊಟ್ಟದ್ದು 64,180 ಡಾಲರ್. ಅದೇ ವರ್ಷದ ಮಾರ್ಚ್‌ನಲ್ಲಿ ಗೋಡ್ಯಾಡಿಯ ಸ್ಥಾಪಕ ಬಾಬ್ ಪಾರ್ಸನ್ಸ್ ಆನೆ ಕೊಂದ ವಿಡಿಯೋ ಹೊರಬಂದಾಗಲೂ ನೇಮ್‌ಚೀಪ್ ಆನೆಗಳ ರಕ್ಷಣೆಗೆ ದೇಣಿಗೆ ಎಂದು ಇದೇ ರೀತಿ ಗ್ರಾಹಕರನ್ನು ಕರೆದಿತ್ತು. ಇದು ವ್ಯಾಪಾರವೂ ಹೌದು, ಅದರಲ್ಲಿ ತಪ್ಪೇನಿಲ್ಲ. ದೇಣಿಗೆಯ ಮೊತ್ತ, ಪಡೆಯುವ ಸಂಸ್ಥೆ, ದಿನ ಮೂರನ್ನೂ ಮೊದಲೇ ಹೇಳಿ, ಆಮೇಲೆ ಲೆಕ್ಕ ಕೊಟ್ಟದ್ದು ಒಳ್ಳೆಯ ನಡತೆ. ಆದರೆ ಬಹಿಷ್ಕಾರದ ಹುರುಪಿನಲ್ಲಿ ಕೂಪನ್ ಬೆಲೆ ನೋಡಿ ಹೋದವರು ಎರಡನೆಯ ವರ್ಷದ ರಿನ್ಯೂವಲ್ ಬೆಲೆ ನೋಡುವುದಿಲ್ಲ. ಅದನ್ನೇ ಮೊದಲು ನೋಡಬೇಕು. ಡಾಲರ್‌ನಲ್ಲಿ ಬಿಲ್ ಮಾಡುವ ಕಂಪನಿಯಾದರೆ ಬ್ಯಾಂಕಿನ ಫಾರೆಕ್ಸ್ ಶುಲ್ಕ ಸೇರಿಸಿ. 2021ರ ಅಕ್ಟೋಬರ್‌ನಲ್ಲಿ ಕಾರ್ಡ್‌ನಿಂದ ತಾನಾಗಿ ಹಣ ಕಡಿತವಾಗುವುದರ ಬಗ್ಗೆ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ ಮೇಲೆ ವಿದೇಶಿ ಕಂಪನಿಗಳ ಆಟೋ ರಿನ್ಯೂವಲ್ ನಮ್ಮ ಕಾರ್ಡ್‌ಗಳಲ್ಲಿ ಸದ್ದಿಲ್ಲದೆ ವಿಫಲವಾಗುವುದುಂಟು. ಎರಡು ಮೂರು ವರ್ಷಕ್ಕೆ ಒಮ್ಮೆಗೇ ಕಟ್ಟಿ, ತಾರೀಖನ್ನು ಗೋಡೆಯ ಕ್ಯಾಲೆಂಡರ್‌ನಲ್ಲೂ ಬರೆದಿಡಿ.

ಇದಕ್ಕೆ ಹೋಲಿಸಿ ನೋಡಬೇಕಾದ ಇನ್ನೊಂದು ಬಹಿಷ್ಕಾರ ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೇಲೆ ನಡೆದದ್ದು. 2015ರ ಏಪ್ರಿಲ್ 6ರಂದು ಏರ್‌ಟೆಲ್ ಝೀರೋ ಘೋಷಣೆಯಾಯಿತು. ಹಣ ಕೊಟ್ಟ ಕಂಪನಿಗಳ ಆ್ಯಪ್‌ಗೆ ಗ್ರಾಹಕರ ಡೇಟಾ ಖರ್ಚಾಗದಂಥ ಯೋಜನೆ. ಫ್ಲಿಪ್‌ಕಾರ್ಟ್ ಅದಕ್ಕೆ ಸೇರುವ ಮಾತುಕತೆಯಲ್ಲಿದೆ ಎಂದು ತಿಳಿದದ್ದೇ ಜನ ಆ್ಯಪ್ ಅಳಿಸಿ, ಪ್ಲೇ ಸ್ಟೋರ್‌ನಲ್ಲಿ ಒಂದು ಸ್ಟಾರ್ ಕೊಡತೊಡಗಿದರು. ಏಪ್ರಿಲ್ 14ರಂದು ಕಂಪನಿ ಹಿಂದೆ ಸರಿಯಿತು. ಆಗ ದೂರಸಂಪರ್ಕ ನಿಯಂತ್ರಕ ಟ್ರಾಯ್ ಸಂಸ್ಥೆಯ ಸಮಾಲೋಚನಾ ಪತ್ರಕ್ಕೆ ಅಭಿಪ್ರಾಯ ಕಳುಹಿಸುವ ಅವಧಿ ನಡೆಯುತ್ತಿತ್ತು, ಹತ್ತು ಲಕ್ಷ ಮೀರಿ ಮೇಲ್‌ಗಳು ಹೋದವು. 2016ರ ಫೆಬ್ರವರಿ 8ರಂದು ಟ್ರಾಯ್ ಇಂಥ ತಾರತಮ್ಯದ ದರಗಳನ್ನೇ ನಿಷೇಧಿಸಿತು. ಇಲ್ಲಿ ಬಿಡುವುದು ಸುಲಭವಾಗಿತ್ತು, ಒಂದು ಬೆರಳ ಕೆಲಸ. ಮರಳಿ ಬರುವುದೂ ಅಷ್ಟೇ ಸುಲಭ. ಡೊಮೇನ್ ಒಯ್ದವರು ಹಾಗೆ ವಾಪಸ್ ಬರುವುದಿಲ್ಲ. ಎರಡು ತಿಂಗಳ ಬೀಗವಂತೂ ಇದ್ದೇ ಇದೆ, ಮತ್ತೆ ಆ ಕೆಲಸ ಯಾರಿಗೆ ಬೇಕು ಎಂಬ ಬೇಸರವೂ ಸೇರುತ್ತದೆ. ಕಷ್ಟಪಟ್ಟು ಹೋದ ಗ್ರಾಹಕ ಹೆಚ್ಚು ಕಾಲ ದೂರ ಉಳಿಯುತ್ತಾನೆ. ಒಂದು ಸ್ಟಾರ್‌ನ ಕಥೆ ಬೇರೆ: 2019ರಲ್ಲಿ ಗೂಗಲ್ ಇತ್ತೀಚಿನ ರೇಟಿಂಗ್‌ಗಳಿಗೆ ಹೆಚ್ಚು ತೂಕ ಕೊಡುವಂತೆ ಲೆಕ್ಕ ಬದಲಿಸಿತು, ಹಳೆಯ ಕೋಪ ಬೇಗ ಕರಗುತ್ತದೆ.

ಸೋಪಾ ಬಿದ್ದದ್ದು ಗೋಡ್ಯಾಡಿ ಬಹಿಷ್ಕಾರ ಒಂದರಿಂದಲೇ ಅಲ್ಲ. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಪ್ರತಿಭಟಿಸಿ 24 ಗಂಟೆ ಪುಟಗಳನ್ನು ಮುಚ್ಚಿ ಕಪ್ಪಾಯಿತು, ಶಾಸಕರ ಕಚೇರಿಗಳಿಗೆ ಕರೆಗಳು ಸುರಿದವು, 20ರಂದು ಎರಡೂ ಮಸೂದೆಗಳನ್ನು ಮುಂದೂಡಿದರು. ಆದರೆ ಪಟ್ಟಿಯಲ್ಲಿರುವ ಹೆಸರಿಗೆ ಬೆಲೆ ತೆರಬೇಕಾಗುತ್ತದೆ ಎಂದು ಉಳಿದ ಕಂಪನಿಗಳಿಗೆ ತೋರಿಸಿದ್ದು ಡಿಸೆಂಬರ್‌ನ ಆ ವಾರವೇ.

ಅಂಕ ಕೊಡುವುದಾದರೆ, ವರ್ಗಾವಣೆಯ ನಿಯಮಕ್ಕೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಇಮೇಲ್ ತಿದ್ದಿದವರಿಗೂ ಬೀಳುವ 60 ದಿನದ ಬೀಗಕ್ಕೆ. ಕಂಪನಿಗಳು ಅದನ್ನು ನಡೆಸಿಕೊಡುವ ರೀತಿಗೆ ಮೂರು, ಏಕೆಂದರೆ ಡಿಎನ್‌ಎಸ್ ಸತ್ತೀತು ಎಂದು ಹೊರಡುವವರಿಗೆ ಮುಂಚೆಯೇ ಸ್ಪಷ್ಟವಾಗಿ ಹೇಳುವ ಅಭ್ಯಾಸ ಇನ್ನೂ ಬಂದಿಲ್ಲ. ಹೆಚ್ಚು ಹೆಸರಿರುವವರು ಒಂದೇ ದಿನ ಎಲ್ಲವನ್ನೂ ಎತ್ತಬೇಡಿ. ಯಾರೂ ಬಳಸದ ಒಂದನ್ನು ಮೊದಲು ಕಳುಹಿಸಿ, ಅದು ಮುಟ್ಟಿದ ಮೇಲೆ ಐದೈದಾಗಿ ಒಯ್ಯಿರಿ. ಘೋಷಣೆ ಮಾಡಿದ್ದು ಡಿಸೆಂಬರ್‌ನಲ್ಲಾದರೂ ವಿಕಿಪೀಡಿಯ ನಡೆಸುವ ವಿಕಿಮೀಡಿಯದ ಹೆಸರುಗಳು ಮಾರ್ಕ್‌ಮಾನಿಟರ್ ಎಂಬ ರಿಜಿಸ್ಟ್ರಾರ್ ಸೇರುವ ಹೊತ್ತಿಗೆ 2012ರ ಮಾರ್ಚ್ ಬಂದಿತ್ತು, ಆ ನಿಧಾನವೇ ಸರಿ.

ಹೊರಡುವ ಕಾರಣವನ್ನು ಹಳೆಯ ಕಂಪನಿಗೆ ಟಿಕೆಟ್ ಮೂಲಕ ಎರಡು ಸಾಲಿನಲ್ಲಿ ತಿಳಿಸಿ: ಯಾವ ಮಸೂದೆ, ಯಾವ ದಿನದ ಯಾವ ಹೇಳಿಕೆ, ಎಷ್ಟು ಹೆಸರು. ಬೆಲೆಗಾಗಿ ಹೋದವರ ಲೆಕ್ಕಕ್ಕೆ ನಿಮ್ಮನ್ನು ಸೇರಿಸಿಕೊಂಡರೆ ಪಟ್ಟ ಶ್ರಮ ವ್ಯರ್ಥ. ವರ್ಗಾವಣೆ ಮುಗಿದ ದಿನ ಆರ್‌ಡ್ಯಾಪ್‌ನಲ್ಲಿ ಹೊಸ ರಿಜಿಸ್ಟ್ರಾರ್ ಹೆಸರು, ಒಂದು ವರ್ಷ ಮುಂದಕ್ಕೆ ಹೋದ ತಾರೀಖು, ಸರಿಯಾದ ನೇಮ್‌ಸರ್ವರ್ ಮೂರನ್ನೂ ನೋಡಿ, ಬೀಗ ಮತ್ತೆ ಹಾಕಿ, ಎರಡು ಹಂತದ ಲಾಗಿನ್ ಚಾಲೂ ಮಾಡಿ. ಹಳೆಯ ಖಾತೆಯಲ್ಲಿ ಉಳಿದ ಹೋಸ್ಟಿಂಗ್, ಮೇಲ್, ಸರ್ಟಿಫಿಕೇಟ್‌ಗಳ ಆಟೋ ರಿನ್ಯೂವಲ್ ಆಫ್ ಮಾಡಿ, ಹಳೆಯ ಬಿಲ್‌ಗಳನ್ನು ಇಳಿಸಿಕೊಂಡು, ಕೊನೆಗೆ ಕಾರ್ಡ್ ವಿವರ ಅಳಿಸಿ.